ಪ್ರಸಾರ ಕಾನೂನು ಅಂದರೆ ಯಾವ ಕಾನೂನು? ಕೇಬಲ್ ಕರಾರಿನಿಂದ ಜಾತ್ರೆಯ ಲೈವ್‌ವರೆಗೆ

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಜಮಖಂಡಿ, ಇಳಕಲ್, ಇಂಡಿ, ಗೋಕಾಕದಂಥ ಊರುಗಳಲ್ಲಿ ಕೇಬಲ್ ನಡೆಸುವವರ ಕಪಾಟಿನಲ್ಲಿ ಒಂದು ಕರಾರು ಪತ್ರ ಇದ್ದೇ ಇರುತ್ತದೆ. ಚಾನೆಲ್‌ಗಳನ್ನು ಒಟ್ಟುಮಾಡಿ ಸಿಗ್ನಲ್ ಕೊಡುವ ಎಂಎಸ್‌ಒ ಕಂಪನಿ ಒಂದು ಕಡೆ, ಮನೆಮನೆಗೆ ವೈರ್ ಎಳೆದ ಸ್ಥಳೀಯ ಆಪರೇಟರ್ ಇನ್ನೊಂದು ಕಡೆ. ಹಣದ ಲೆಕ್ಕ ಇರುವ ಪುಟವನ್ನು ಎಲ್ಲರೂ ಎರಡೆರಡು ಸಲ ಓದುತ್ತಾರೆ. ಅದಕ್ಕೂ ಮೊದಲು ಬರುವ ವ್ಯಾಖ್ಯೆಗಳ ಪುಟವನ್ನು ಓದುವವರು ಕಡಿಮೆ. "ಸಿಗ್ನಲ್ ಬಂದ್ರ ಸಾಕ್ರೀ, ಅದನ್ನೆಲ್ಲ ಯಾರ್ ಓದ್ತಾರ" ಎನ್ನುವುದು ನಮ್ಮ ಕಡೆಯ ಧಾಟಿ. ಆ ಪುಟದ ಒಂದು ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ: "ಪ್ರಸಾರ ಕಾನೂನು ಎಂದರೆ ಸದ್ಯ ಜಾರಿಯಲ್ಲಿರುವ ಅಥವಾ ಮುಂದೆ ಜಾರಿಗೆ ಬರುವ, ಪ್ರಸಾರಕ್ಕೆ ಸಂಬಂಧಪಟ್ಟ ಎಲ್ಲ ಕಾಯ್ದೆ, ನಿಯಮ, ಅಧಿಸೂಚನೆ, ಮಾರ್ಗಸೂಚಿ, ಆದೇಶ, ಹಾಗೂ ಕಾಲಕಾಲಕ್ಕೆ ಅವುಗಳಿಗಾಗುವ ತಿದ್ದುಪಡಿ."

ಓದಿದರೆ ತಕರಾರು ತೆಗೆಯುವಂಥದ್ದೇನೂ ಕಾಣುವುದಿಲ್ಲ. ಕಾನೂನು ಪಾಲಿಸುತ್ತೇನೆ ಎಂದು ಬರೆದುಕೊಡಲು ಯಾರಿಗೆ ಅಡ್ಡಿ? ಆದರೆ ಇದೇ ಪದ ಹತ್ತು ಪುಟ ದಾಟಿದ ಮೇಲೆ ನಷ್ಟ ಭರ್ತಿಯ ಕಲಮಿನಲ್ಲಿ ಮತ್ತೆ ಬರುತ್ತದೆ: ಪ್ರಸಾರ ಕಾನೂನಿನ ಯಾವುದೇ ಉಲ್ಲಂಘನೆಯಿಂದಾದ ನಷ್ಟವನ್ನು ಆಪರೇಟರ್ ತುಂಬಿಕೊಡತಕ್ಕದ್ದು. ಎರಡನ್ನೂ ಒಟ್ಟಿಗೆ ಓದಿದಾಗ ಆಟ ತಿಳಿಯುತ್ತದೆ. ವ್ಯಾಖ್ಯೆ ಎಷ್ಟು ಹಿಗ್ಗಿದೆಯೋ ಹೊಣೆಯೂ ಅಷ್ಟೇ ಹಿಗ್ಗಿದೆ. ನಾಳೆ ದಿಲ್ಲಿಯಲ್ಲಿ ಕಾನೂನು ಬದಲಾದರೆ ಅದರ ಖರ್ಚು ಯಾರ ತಲೆಗೆ ಎಂಬುದನ್ನು ಈ ಒಂದು ಸಾಲು ಇಂದೇ ತೀರ್ಮಾನಿಸಿಬಿಡುತ್ತದೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇದನ್ನೇ.

ಒಂದೇ ಕಾಯ್ದೆ ಇಲ್ಲದ ದೇಶ

ಕೆನಡಾದಲ್ಲಿ ಇಂಥ ಕರಾರು ಬರೆಯುವ ವಕೀಲರಿಗೆ ಕೆಲಸ ಸುಲಭ. ಅಲ್ಲಿ 1991ರ ಬ್ರಾಡ್‌ಕಾಸ್ಟಿಂಗ್ ಕಾಯ್ದೆ ಇದೆ, 2023ರ ತಿದ್ದುಪಡಿ ಆನ್‌ಲೈನ್ ಸೇವೆಗಳನ್ನೂ ಅದರೊಳಗೆ ತಂದಿತು. ಅಮೆರಿಕದ ಕರಾರುಗಳು 1934ರ ಕಮ್ಯುನಿಕೇಷನ್ಸ್ ಕಾಯ್ದೆ ಮತ್ತು ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ನಿಯಮಗಳತ್ತ ಬೆರಳು ತೋರಿಸಿ ಮುಂದೆ ಹೋಗುತ್ತವೆ. ನಮ್ಮಲ್ಲಿ ಪ್ರಸಾರಕ್ಕೆಂದೇ ಎಲ್ಲವನ್ನೂ ಒಳಗೊಂಡ ಒಂದು ಕಾಯ್ದೆ ಇಂದಿಗೂ ಇಲ್ಲ.

ಇರುವುದೆಲ್ಲ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಗಡಿಬಿಡಿಯಲ್ಲಿ ಆದದ್ದು. ಗಾಳಿಯಲ್ಲಿ ಹೋಗುವ ಸಂಕೇತದ ಮೇಲೆ ಸರ್ಕಾರಕ್ಕೆ ಹಕ್ಕು ಕೊಟ್ಟದ್ದು 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ. ಆಕಾಶವಾಣಿ, ದೂರದರ್ಶನಕ್ಕೆ ಸ್ವಾಯತ್ತೆ ಕೊಡುವ ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಅಂಗೀಕಾರವಾಗಿ ಜಾರಿಗೆ ಬಂದದ್ದು 1997ರಲ್ಲಿ. ಕ್ರಿಕೆಟ್ ಪಂದ್ಯದ ಪ್ರಸಾರ ಹಕ್ಕಿನ ಜಗಳ ಸುಪ್ರೀಂ ಕೋರ್ಟಿಗೆ ಹೋದಾಗ, ಗಾಳಿಯ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಕೋರ್ಟು 1995ರಲ್ಲಿ ಹೇಳಿತು. ಅದೇ ವರ್ಷ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆ ಬಂತು. ಅಷ್ಟರಲ್ಲಿ ಕೇಬಲ್ ಓಣಿ ಓಣಿ ಹಬ್ಬಿಯಾಗಿತ್ತು.

ಆಮೇಲಿನ ತಿರುವು ಹೆಚ್ಚಿನವರ ಗಮನಕ್ಕೆ ಬಾರದ್ದು. 2004ರ ಜನವರಿ 9ರ ಒಂದು ಅಧಿಸೂಚನೆಯಿಂದ ಕೇಂದ್ರ ಸರ್ಕಾರ ಪ್ರಸಾರ ಮತ್ತು ಕೇಬಲ್ ಸೇವೆಗಳನ್ನು "ದೂರಸಂಪರ್ಕ ಸೇವೆ" ಎಂದು ಪರಿಗಣಿಸಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕೈಗೆ ಕೊಟ್ಟಿತು. ಟಿವಿಯಲ್ಲಿ ಏನು ಬರಬೇಕು, ಏನು ಬರಬಾರದು ಎನ್ನುವುದು ಮಾಹಿತಿ ಮತ್ತು ಪ್ರಸಾರ ಸಚಿವಾಲಯದ ಬಳಿ ಉಳಿಯಿತು. ಎಷ್ಟು ದರಕ್ಕೆ, ಯಾವ ಷರತ್ತಿನ ಮೇಲೆ ಬರಬೇಕು ಎನ್ನುವುದು ಟ್ರಾಯ್‌ಗೆ ಹೋಯಿತು. ಹಾಗಾಗಿ ಕರಾರಿನ ವ್ಯಾಖ್ಯೆಯಲ್ಲಿ 1995ರ ಕೇಬಲ್ ಕಾಯ್ದೆಯನ್ನು ಹೆಸರಿಸಿ 1997ರ ಟ್ರಾಯ್ ಕಾಯ್ದೆಯನ್ನು ಬಿಟ್ಟರೆ, ಹಣಕ್ಕೆ ಸಂಬಂಧಿಸಿದ ಕಾನೂನೆಲ್ಲ ಹೊರಗೇ ಉಳಿದಂತೆ.

"ಪ್ರಸಾರ" ಎಂಬುದಕ್ಕೂ ಕಾಯ್ದೆಯಿಂದ ಕಾಯ್ದೆಗೆ ಬೇರೆ ಬೇರೆ ಅಳತೆ. ಪ್ರಸಾರ ಭಾರತಿ ಕಾಯ್ದೆಯ ಪ್ರಕಾರ ಅದು ವಿದ್ಯುತ್ಕಾಂತೀಯ ತರಂಗಗಳ ಮೂಲಕ, ಆಕಾಶದಲ್ಲಾಗಲಿ ಕೇಬಲ್‌ನಲ್ಲಾಗಲಿ, ಸಾರ್ವಜನಿಕರಿಗೆಂದು ಕಳಿಸುವ ಸಂಕೇತ, ಚಿತ್ರ, ಧ್ವನಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ತಂತಿಯಿಂದಲೋ ನಿಸ್ತಂತುವಾಗಿಯೋ ಸಾರ್ವಜನಿಕರಿಗೆ ತಲುಪಿಸುವುದು, ಮರುಪ್ರಸಾರವೂ ಸೇರಿದಂತೆ. 2023ರ ನವೆಂಬರ್ 10ರಂದು ಸಚಿವಾಲಯ ಹೊರಬಿಟ್ಟ ಪ್ರಸಾರ ಸೇವೆಗಳ ಮಸೂದೆಯ ಕರಡು, ಒಬ್ಬರಿಂದ ಹಲವರಿಗೆ ಜಾಲದ ಮೂಲಕ ಕಾರ್ಯಕ್ರಮ ಕಳಿಸುವುದೆಲ್ಲ ಪ್ರಸಾರ ಎಂಬ ದಾರಿ ಹಿಡಿದು ಇಂಟರ್ನೆಟ್ಟನ್ನೂ ಒಳಗೆ ಎಳೆದುಕೊಂಡಿತು. ಕರಾರು ಬರೆಯುವವರು ಇವುಗಳಲ್ಲಿ ಯಾವ ಅಳತೆ ಹಿಡಿಯುತ್ತಾರೆ ಎಂಬುದರ ಮೇಲೆ ಆಪರೇಟರ್, ಹಾಡುಗಾರ, ಯೂಟ್ಯೂಬ್ ಚಾನೆಲ್‌ನವರು ಯಾವ ಕಾನೂನಿನ ಕೆಳಗೆ ಬರುತ್ತಾರೆ ಎನ್ನುವುದು ನಿಂತಿದೆ.

ಜಿಲ್ಲಾಧಿಕಾರಿಯ ಒಂದು ಆದೇಶ

ಬೆಳಗಾವಿಯ ಮಟ್ಟಿಗೆ ಕೇಬಲ್ ಕಾಯ್ದೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕಲಂ 19. ಧರ್ಮ, ಜನಾಂಗ, ಭಾಷೆ, ಜಾತಿ, ಸಮುದಾಯ, ಇಲ್ಲವೇ ಇನ್ನಾವುದೇ ಕಾರಣದಿಂದ ಜನರ ನಡುವೆ ದ್ವೇಷ ಹುಟ್ಟಿಸಬಹುದು ಎನಿಸಿದರೆ ಒಂದು ಕಾರ್ಯಕ್ರಮವನ್ನೋ ಇಡೀ ಚಾನೆಲ್ಲನ್ನೋ ನಿಲ್ಲಿಸುವಂತೆ ಅಧಿಕೃತ ಅಧಿಕಾರಿ ಆದೇಶ ಮಾಡಬಹುದು. ಅಧಿಕೃತ ಅಧಿಕಾರಿ ದಿಲ್ಲಿಯಲ್ಲಿ ಕೂತವರಲ್ಲ. ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ಪೊಲೀಸ್ ಆಯುಕ್ತರು. ಪಟ್ಟಿಯಲ್ಲಿ ಭಾಷೆಯ ಹೆಸರು ಇರುವುದನ್ನು ಗಮನಿಸಿ. ನಿಪ್ಪಾಣಿ, ಖಾನಾಪುರ, ಬೆಳಗಾವಿ ನಗರದ ಮನೆಗಳಲ್ಲಿ ಕನ್ನಡ ಸುದ್ದಿ ಚಾನೆಲ್ಲೂ ಮರಾಠಿ ಸುದ್ದಿ ಚಾನೆಲ್ಲೂ ಒಂದೇ ರಿಮೋಟಿನಲ್ಲಿ ಬರುತ್ತವೆ. ಗಡಿ ವಿಷಯ ಬಿಸಿಯಾಗಿ ಕಲಂ 19ರ ಆದೇಶವೊಂದು ಹೊರಬಿತ್ತು ಎಂದಿಟ್ಟುಕೊಳ್ಳಿ.

ಆಪರೇಟರ್ ಚಾನೆಲ್ ನಿಲ್ಲಿಸಲೇಬೇಕು, ಅದರಲ್ಲಿ ಪ್ರಶ್ನೆ ಇಲ್ಲ. ಗ್ರಾಹಕರು ದುಡ್ಡು ಕೊಟ್ಟ ಪೇ ಚಾನೆಲ್ ಹತ್ತು ದಿನ ಬರಲಿಲ್ಲ. ಆ ಹತ್ತು ದಿನದ ಹಣ ಯಾರು ಬಿಡಬೇಕು? ಚಾನೆಲ್ಲನ್ನು ನಿರಂತರವಾಗಿ ಕೊಡುತ್ತೇನೆಂದು ಮೇಲಿನವರಿಗೆ ಒಪ್ಪಿಕೊಂಡವರು ಕರಾರು ಮುರಿದಂತಾಯಿತೇ? ವ್ಯಾಖ್ಯೆಯಲ್ಲಿ "ಸಕ್ಷಮ ಅಧಿಕಾರಿಯ ಆದೇಶ" ಎಂಬ ಮಾತಿದ್ದರೆ, ನಿಲ್ಲಿಸಿದ್ದೂ ಪ್ರಸಾರ ಕಾನೂನಿನ ಪಾಲನೆಯೇ ಆಗುತ್ತದೆ. ಬರೀ "ಕಾಯ್ದೆ ಮತ್ತು ನಿಯಮ" ಎಂದಿದ್ದರೆ, ಆದೇಶ ಕಾಯ್ದೆಯಡಿ ಬಂದದ್ದೇ ಎಂದು ವಾದ ಕಟ್ಟಬೇಕಾಗುತ್ತದೆ. ಆ ವಾದ ಗೆಲ್ಲುತ್ತದೆ ಎಂದೇ ನನ್ನ ಅನಿಸಿಕೆ, ಆದರೆ ಅದಕ್ಕೆ ವಕೀಲರ ಫೀ ಕೊಡುವುದು ಆಪರೇಟರ್. ಹಿಗ್ಗಿದ ವ್ಯಾಖ್ಯೆ ಚಿಕ್ಕವರನ್ನು ಕಾಯುವ ಸಂದರ್ಭವೂ ಇದೆ ಎನ್ನುವುದಕ್ಕೆ ಇದೊಂದು ಉದಾಹರಣೆ. ಆದ್ದರಿಂದ ವ್ಯಾಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಕೆಟ್ಟದ್ದೆಂದು ಷರಾ ಬರೆಯಬೇಕಿಲ್ಲ. ಅದು ಪಾಲನೆಯ ಕಲಮಿಗೆ ಹೊಂದಿಕೊಂಡಿದೆಯೋ ನಷ್ಟ ಭರ್ತಿಯ ಕಲಮಿಗೆ ಹೊಂದಿಕೊಂಡಿದೆಯೋ ನೋಡಬೇಕು.

ಇನ್ನು ತಂಟೆ ಬಂದರೆ ಹೋಗುವುದೆಲ್ಲಿಗೆ? ಕರಾರಿನ ಕೊನೆಗೆ "ಎಲ್ಲ ವಿವಾದಗಳೂ ಬೆಳಗಾವಿ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ" ಎಂದು ಬರೆದಿರಬಹುದು. ಎಂಎಸ್‌ಒ ಮತ್ತು ಆಪರೇಟರ್ ನಡುವಿನ ಸಿಗ್ನಲ್ ವಿವಾದಕ್ಕೆ ಆ ಸಾಲು ಕೆಲಸಕ್ಕೆ ಬರುವುದಿಲ್ಲ. ಸೇವೆ ಕೊಡುವವರ ನಡುವಿನ ಜಗಳವನ್ನು ಕೇಳುವ ಅಧಿಕಾರ ದಿಲ್ಲಿಯಲ್ಲಿರುವ ದೂರಸಂಪರ್ಕ ವಿವಾದಗಳ ನ್ಯಾಯಮಂಡಳಿಯಾದ ಟಿಡಿಸ್ಯಾಟ್‌ಗೆ ಸೇರಿದ್ದು. ಟ್ರಾಯ್ ಕಾಯ್ದೆಯ ಕಲಂ 15 ಇಂಥ ವಿಷಯಕ್ಕೆ ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿದೆ. ಬಾದಾಮಿಯ ಆಪರೇಟರ್ ಒಬ್ಬರ ಬಾಕಿ ಲೆಕ್ಕದ ಜಗಳವೂ ದಿಲ್ಲಿಗೇ ಹೋಗಬೇಕು.

ಹಾಗೆಂದು ಕಾನೂನು ಚಿಕ್ಕವರನ್ನು ಪೂರ್ತಿ ಕೈಬಿಟ್ಟಿಲ್ಲ. ಟ್ರಾಯ್‌ನ 2017ರ ಇಂಟರ್‌ಕನೆಕ್ಷನ್ ನಿಯಮಾವಳಿ ಪ್ರಕಾರ ಲಿಖಿತ ಕರಾರಿಲ್ಲದೆ ಸಿಗ್ನಲ್ ಕೊಡುವಂತಿಲ್ಲ. ಸಿಗ್ನಲ್ ಕಡಿಯಬೇಕಾದರೆ ಕಾರಣ ತಿಳಿಸಿ ಮೂರು ವಾರ ಮೊದಲು ನೋಟಿಸ್ ಕೊಡಬೇಕು. ಎಂಎಸ್‌ಒ ಮತ್ತು ಆಪರೇಟರ್ ಮಾತಾಡಿಕೊಂಡು ಮಾದರಿ ಕರಾರು ಮಾಡಿಕೊಳ್ಳಬಹುದು. ಮಾತುಕತೆ ಮುರಿದರೆ ಟ್ರಾಯ್ ಬರೆದಿಟ್ಟ ಪ್ರಮಾಣಿತ ಕರಾರು ಇದ್ದೇ ಇದೆ. ಅದರಲ್ಲಿ ನೆಟ್‌ವರ್ಕ್ ಶುಲ್ಕ ಎಂಎಸ್‌ಒಗೆ 55, ಆಪರೇಟರ್‌ಗೆ 45ರ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ. ಕರಾರಿನ ಯಾವುದೇ ಷರತ್ತು ಈ ನಿಯಮಾವಳಿಯನ್ನು ಮೀರುವಂತಿಲ್ಲ. ವ್ಯಾಖ್ಯೆಯಲ್ಲಿ "ಟ್ರಾಯ್ ನಿಯಮಾವಳಿ" ಎಂಬ ಎರಡು ಪದ ಸೇರಿದ್ದರೆ ನೋಟಿಸ್ ಕೊಡದೆ ಸಿಗ್ನಲ್ ಕಡಿದದ್ದು ಕರಾರಿನ ಉಲ್ಲಂಘನೆಯೂ ಆಗುತ್ತದೆ. ಅಂದರೆ ನಷ್ಟ ಭರ್ತಿಯ ಕಲಂ ಎಂಎಸ್‌ಒ ಕಡೆಗೂ ತಿರುಗಬಲ್ಲದು, ಆ ಕಲಂ ಎರಡೂ ಕಡೆಗೆ ಅನ್ವಯಿಸುವಂತೆ ಬರೆದಿದ್ದರೆ. ನಾನು ನೋಡಿದಂತೆ ಹಾಗೆ ಬರೆದಿರುವುದು ಅಪರೂಪ.

ಊರಿನ ಚಾನೆಲ್ಲು, ಊರಿನ ಜಾತ್ರೆ

ಕೇಬಲ್‌ನವರೇ ನಡೆಸುವ ಸ್ಥಳೀಯ ಚಾನೆಲ್‌ಗಳಿಗೆ ಬಹಳ ಕಾಲ ಹೇಳುವವರು ಕೇಳುವವರು ಇರಲಿಲ್ಲ. ಮಾರ್ಕೆಟ್ ಯಾರ್ಡಿನ ದರ, ಶಾಲೆಯ ವಾರ್ಷಿಕೋತ್ಸವ, ಕಾಲೋನಿ ಗಣಪತಿ, ಶ್ರದ್ಧಾಂಜಲಿ ಜಾಹೀರಾತು, ನಡುವೆ ಒಂದು ಹಳೇ ಸಿನಿಮಾ. 2022ರ ನವೆಂಬರ್ 30ರ ಮಾರ್ಗಸೂಚಿಯಿಂದ ಎಂಎಸ್‌ಒ ನಡೆಸುವ ಇಂಥ ಚಾನೆಲ್‌ಗಳು "ಪ್ಲಾಟ್‌ಫಾರ್ಮ್ ಸೇವೆ" ಎಂಬ ಹೆಸರು ಪಡೆದವು. ಚಾನೆಲ್ ಒಂದಕ್ಕೆ 1000 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ನೋಂದಾಯಿಸಬೇಕು. ಒಟ್ಟು ಚಾನೆಲ್ ಸಾಮರ್ಥ್ಯದ 5 ಶೇಕಡಾ ಮೀರುವಂತಿಲ್ಲ. ಸ್ಥಳೀಯ ಸುದ್ದಿ ಕೊಡಬೇಕಾದರೆ ಕಂಪನಿಯಾಗಿಯೇ ನೋಂದಣಿಯಾಗಿರಬೇಕು. ಕಾರ್ಯಕ್ರಮಗಳ ರೆಕಾರ್ಡಿಂಗ್ 90 ದಿನ ಇಟ್ಟುಕೊಳ್ಳಬೇಕು. ಒಂದು ಜಾಲದ ಚಾನೆಲ್ಲನ್ನು ಇನ್ನೊಂದು ಜಾಲಕ್ಕೆ ಕೊಡುವಂತಿಲ್ಲ. ದೇವಸ್ಥಾನ, ಗುರುದ್ವಾರದಂಥ ಧಾರ್ಮಿಕ ಸ್ಥಳಗಳ ನೇರ ದೃಶ್ಯಕ್ಕೆ ಮಾತ್ರ ವಿನಾಯಿತಿ.

ಈ ವಿನಾಯಿತಿ ನಮ್ಮ ಮೂರೂ ಜಿಲ್ಲೆಗಳಿಗೆ ದೊಡ್ಡ ವಿಷಯ. ಸವದತ್ತಿ ಎಲ್ಲಮ್ಮನ ಗುಡ್ಡ, ಬಾದಾಮಿ ಬನಶಂಕರಿ ಜಾತ್ರೆ, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಇವುಗಳ ನೇರ ಪ್ರಸಾರ ಒಂದು ಜಾಲಕ್ಕಷ್ಟೇ ಸೀಮಿತವಾಗಬೇಕಿಲ್ಲ. ಆದರೆ ದೇವಸ್ಥಾನದೊಳಗಿನ ಪೂಜೆಯ ದೃಶ್ಯ ಬೇರೆ, ಜಾತ್ರೆಯ ಬಯಲಿನಲ್ಲಿ ಟೆಂಟ್ ಹಾಕಿ ಆಡುವ ನಾಟಕ ಬೇರೆ. ಜಾತ್ರಾ ಸಮಿತಿ ಚಾನೆಲ್‌ನವರಿಗೆ "ಜಾತ್ರೆಯ ಸಂಪೂರ್ಣ ಪ್ರಸಾರ ಹಕ್ಕು" ಎಂದು ಬರೆದುಕೊಟ್ಟರೆ, ನಾಟಕ ಕಂಪನಿಯವರ ಹಕ್ಕನ್ನು ಸಮಿತಿ ಹೇಗೆ ಕೊಟ್ಟೀತು? ತನ್ನದಲ್ಲದ್ದನ್ನು ಕೊಡಲು ಯಾವ ವ್ಯಾಖ್ಯೆಯಿಂದಲೂ ಆಗದು.

ಸಮುದಾಯ ಬಾನುಲಿಯ ಸ್ಥಿತಿ ಸ್ವಲ್ಪ ಬೇರೆ. ಬೆಳಗಾವಿಯ ಕೆಎಲ್‌ಇ ವೇಣುಧ್ವನಿಯಂಥ ಕೇಂದ್ರಗಳು ಸಚಿವಾಲಯದ ಜೊತೆಗೇ ಅನುಮತಿ ಕರಾರು ಮಾಡಿಕೊಳ್ಳುತ್ತವೆ. ಗಂಟೆಗೆ 7 ನಿಮಿಷವಿದ್ದ ಜಾಹೀರಾತಿನ ಮಿತಿ 2024ರ ಮಾರ್ಗಸೂಚಿಯಿಂದ 12 ನಿಮಿಷವಾಯಿತು. ಇಲ್ಲಿ ಮಾರ್ಗಸೂಚಿ ಬದಲಾದದ್ದು ಕೇಂದ್ರಗಳಿಗೆ ಅನುಕೂಲವೇ ಆಯಿತು, ಮುಂದೆ ಹೋಗೋಣ.

"ಕಾಲಕಾಲಕ್ಕೆ ತಿದ್ದುಪಡಿಯಾದಂತೆ"

ಈ ಮಾತನ್ನು ಬರೆಯದಿದ್ದರೆ ಹಳೇ ಕಾಯ್ದೆ ರದ್ದಾದಾಗ ಕರಾರೇ ಬಿದ್ದುಹೋಗುತ್ತದೆ ಎಂಬ ಹೆದರಿಕೆ ಇದೆ. ಅಷ್ಟೇನೂ ಹೆದರಬೇಕಿಲ್ಲ. 1897ರ ಜನರಲ್ ಕ್ಲಾಸಸ್ ಕಾಯ್ದೆಯ ಕಲಂ 8 ಇದಕ್ಕೇ ಇರುವುದು: ಒಂದು ಕೇಂದ್ರ ಕಾಯ್ದೆಯನ್ನು ರದ್ದು ಮಾಡಿ ಅದೇ ವಿಷಯದ ಮೇಲೆ ಮತ್ತೆ ಕಾಯ್ದೆ ಮಾಡಿದರೆ, ಹಳೇ ಕಲಮಿನ ಉಲ್ಲೇಖ ಯಾವುದೇ ದಸ್ತಾವೇಜಿನಲ್ಲಿದ್ದರೂ ಅದನ್ನು ಹೊಸ ಕಲಮಿನ ಉಲ್ಲೇಖವೆಂದೇ ಓದಬೇಕು, ಬೇರೆ ಉದ್ದೇಶ ಕಾಣದಿದ್ದರೆ. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದು ಅದರ ಕೆಲವು ಕಲಂಗಳು 2024ರ ಜೂನ್‌ನಿಂದ ಜಾರಿಯಾದಾಗ, ಹಳೇ ಕರಾರುಗಳೆಲ್ಲ ಕಸದ ಬುಟ್ಟಿ ಸೇರಲಿಲ್ಲ.

ಹಾಗಾದರೆ "ಮುಂದೆ ಜಾರಿಗೆ ಬರುವ ಎಲ್ಲ" ಎಂಬ ಮಾತು ಹೆಚ್ಚಿಗೆ ಏನು ಮಾಡುತ್ತದೆ? ಹಳೆಯದರ ಜಾಗಕ್ಕೆ ಬಂದ ಕಾನೂನನ್ನು ಮಾತ್ರವಲ್ಲ, ಈಗ ಊಹಿಸಲೂ ಆಗದ ಹೊಸ ಬಾಧ್ಯತೆಗಳನ್ನೂ ಮುಂಚೆಯೇ ಒಪ್ಪಿಸಿಕೊಳ್ಳುತ್ತದೆ. ಒಂದು ಚಿಕ್ಕ ನಿದರ್ಶನ ಸಾಕು. ಸ್ಥಳೀಯ ಆಪರೇಟರ್ ನೋಂದಣಿ ಮೊದಲು ಪ್ರಧಾನ ಅಂಚೆ ಕಚೇರಿಯಲ್ಲಿ 500 ರೂಪಾಯಿ ಕಟ್ಟಿದರೆ ಆಗುತ್ತಿತ್ತು. 2025ರ ಜನವರಿಯಿಂದ ಅದು ಸಚಿವಾಲಯದ ಬ್ರಾಡ್‌ಕಾಸ್ಟ್ ಸೇವಾ ಪೋರ್ಟಲ್‌ಗೆ ಹೋಯಿತು: ಶುಲ್ಕ 5000 ರೂಪಾಯಿ, ಅವಧಿ 5 ವರ್ಷ, ಇಡೀ ದೇಶಕ್ಕೆ ಅನ್ವಯ. ಒಟ್ಟು ಲೆಕ್ಕ ಹಾಕಿದರೆ ಹೊರೆ ದೊಡ್ಡದಲ್ಲ. ಆದರೆ ಆನ್‌ಲೈನ್ ಅರ್ಜಿಯಲ್ಲಿ ತಡವಾಗಿ ಸರ್ಟಿಫಿಕೇಟ್ ಮುಗಿದುಹೋದರೆ, ಹಿಗ್ಗಿದ ವ್ಯಾಖ್ಯೆಯ ಕರಾರಿನಲ್ಲಿ ಅದು ನೇರವಾಗಿ "ಪ್ರಸಾರ ಕಾನೂನಿನ ಉಲ್ಲಂಘನೆ". ಶುಲ್ಕಕ್ಕಿಂತ ಆ ಒಂದು ಪದದ ಬೆಲೆ ಹೆಚ್ಚು.

ಹಾಡಿದವರ ಕರಾರು

ಕೇಬಲ್‌ನವರಿಗೆ ಟ್ರಾಯ್ ಇದೆ. ಹಾಡುವವರ ಬೆನ್ನಿಗೆ ಇರುವುದು ಕೃತಿಸ್ವಾಮ್ಯ ಕಾಯ್ದೆ ಮಾತ್ರ; ಅದು ಎಷ್ಟು ಗಟ್ಟಿ ಎನ್ನುವುದು ಅವರಲ್ಲಿ ಬಹುತೇಕರಿಗೆ ಗೊತ್ತಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಗೀಗೀ ಪದ, ಚೌಡಿಕೆ ಪದ, ಡೊಳ್ಳಿನ ಪದ, ಶ್ರೀಕೃಷ್ಣ ಪಾರಿಜಾತದ ಹಾಡುಗಳು ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಮೆಮರಿ ಕಾರ್ಡಿಗೆ, ಅಲ್ಲಿಂದ ಯೂಟ್ಯೂಬಿಗೆ ಬಂದಿವೆ. ಈಗಿನ ಜಾನಪದ ಡಿಜೆ ಹಾಡುಗಳಂತೂ ಯೂಟ್ಯೂಬಿನಲ್ಲೇ ಹುಟ್ಟುತ್ತವೆ. ಸ್ಟುಡಿಯೋದಲ್ಲಿ ಹಾಡು ಮುಗಿದ ಮೇಲೆ ಒಂದು ಬಾಂಡ್ ಪೇಪರ್ ಮುಂದೆ ಬರುತ್ತದೆ: "ಪ್ರಸಾರ ಸೇರಿದಂತೆ ಎಲ್ಲ ಹಕ್ಕು, ಎಲ್ಲ ಮಾಧ್ಯಮ, ಶಾಶ್ವತವಾಗಿ."

ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ನಂತರ ಇಂಥ ಸಾಲಿಗೆ ಮಿತಿ ಬಿದ್ದಿದೆ. ಕಲಂ 18ರ ಪ್ರಕಾರ, ಹಕ್ಕು ವರ್ಗಾಯಿಸಿದ ದಿನ ಇಲ್ಲದಿದ್ದ ಅಥವಾ ವ್ಯಾಪಾರಕ್ಕೆ ಬಂದಿರದ ಮಾಧ್ಯಮಕ್ಕೆ ಆ ವರ್ಗಾವಣೆ ಅನ್ವಯವಾಗುವುದಿಲ್ಲ, ಆ ಮಾಧ್ಯಮವನ್ನು ಹೆಸರಿಸಿಯೇ ಬರೆದಿದ್ದರೆ ಹೊರತು. ಕಲಂ 19ರ ಪ್ರಕಾರ ವರ್ಗಾವಣೆ ಬರಹದಲ್ಲಿರಬೇಕು, ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಎಲ್ಲಿಯವರೆಗೆ ಎಂದು ಸ್ಪಷ್ಟವಾಗಿರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದು ಕಾನೂನೇ ಇಟ್ಟುಕೊಳ್ಳುತ್ತದೆ. ಸ್ಥಳ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕೊಂಡವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ. ಪದ ಹಳೆಯದು, ಯಾರು ಕಟ್ಟಿದ್ದೋ ಗೊತ್ತಿಲ್ಲ ಎನ್ನುವ ಕಡೆಯೂ, ಹಾಡಿದ ದನಿಯ ಮೇಲೆ ಹಾಡಿದವರಿಗೆ ಪ್ರದರ್ಶಕರ ಹಕ್ಕು ಎಂಬುದು 50 ವರ್ಷ ಇರುತ್ತದೆ.

"ಪ್ರಸಾರ" ಎಂದರೆ ಇಂಟರ್ನೆಟ್ಟೂ ಸೇರಿತೇ ಎಂಬ ಪ್ರಶ್ನೆ ಮುಂಬಯಿ ಹೈಕೋರ್ಟಿನಲ್ಲಿ ಬಂದದ್ದು ಇದೇ ಕಾಯ್ದೆಯಡಿ. ಕಲಂ 31ಡಿ ಪ್ರಕಾರ ಪ್ರಸಾರ ಸಂಸ್ಥೆಗಳು ನಿಗದಿತ ದರ ಕಟ್ಟಿ, ಮಾಲೀಕರನ್ನು ಒಪ್ಪಿಸುವ ಗೋಜಿಲ್ಲದೆ ಹಾಡು ಬಳಸಬಹುದು. ವಿಂಕ್ ಎಂಬ ಸಂಗೀತ ಆ್ಯಪ್ ತನಗೂ ಆ ಸೌಲಭ್ಯ ಬೇಕೆಂದಿತು. ಹಾಡುಗಳ ಹಕ್ಕುದಾರ ಟಿಪ್ಸ್ ಸಂಸ್ಥೆ ಹೂಡಿದ ದಾವೆಯಲ್ಲಿ 2019ರಲ್ಲಿ ಏಕಸದಸ್ಯ ಪೀಠ, 2022ರಲ್ಲಿ ವಿಭಾಗೀಯ ಪೀಠ ಆ ವಾದವನ್ನು ಒಪ್ಪಲಿಲ್ಲ. 31ಡಿ ರೇಡಿಯೊ, ಟಿವಿಗೆ ಮಾತ್ರ ಎಂದವು. ವಿಜಯಪುರ ಆಕಾಶವಾಣಿಯಲ್ಲಿ ಹಾಡು ಬರುವುದು ಪ್ರಸಾರ, ಅದೇ ಹಾಡು ಆ್ಯಪಿನಲ್ಲಿ ಬರುವುದಕ್ಕೆ ಬೇರೆ ಲೈಸೆನ್ಸು. ಕರಾರಿನಲ್ಲಿ ಬರೀ "ಪ್ರಸಾರ ಹಕ್ಕು" ಎಂದಷ್ಟೇ ಇದ್ದರೆ, ಯೂಟ್ಯೂಬಿನ ಹಣದ ಬಗ್ಗೆ ಕೇಳಲು ಹಾಡುಗಾರರಿಗೆ ಒಳ್ಳೆಯ ಆಧಾರವೇ ಇದೆ. ಕಂಪನಿಗಳಿಗೂ ಇದು ಗೊತ್ತು. ಹೊಸ ಕರಾರುಗಳಲ್ಲಿ ಯೂಟ್ಯೂಬ್, ರೀಲ್ಸ್, ಕಾಲರ್ ಟ್ಯೂನ್ ಎಂದು ಒಂದೊಂದನ್ನೂ ಹೆಸರು ಹಿಡಿದು ಬರೆಸುವುದು ಸುಮ್ಮನೆ ಅಲ್ಲ.

ಕರಡಿನಲ್ಲೇ ಉಳಿದ ಕಾನೂನು

ಊರೂರಿನ ಯೂಟ್ಯೂಬ್ ಸುದ್ದಿ ಚಾನೆಲ್‌ನವರು ಸದ್ಯಕ್ಕೆ ಕೇಬಲ್ ಕಾಯ್ದೆಗೆ ಬರುವುದಿಲ್ಲ. ಅವರಿಗಿರುವುದು 2021ರ ಐಟಿ ನಿಯಮಗಳು. ಅಲ್ಲಿಯೂ ವ್ಯವಸ್ಥಿತ ವ್ಯವಹಾರ, ವೃತ್ತಿ ಅಥವಾ ವಾಣಿಜ್ಯ ಚಟುವಟಿಕೆಯಾಗಿ ಮಾಡದ ವ್ಯಕ್ತಿಯನ್ನು ಸುದ್ದಿ ಪ್ರಕಾಶಕರ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಅಂಗಡಿಗಳಿಂದ ಜಾಹೀರಾತು ಪಡೆದು ದಿನಾ ಸುದ್ದಿ ಹಾಕುವವರು ಆ ವಿನಾಯಿತಿ ಕೇಳುವುದು ಕಷ್ಟ. 2023ರ ಮಸೂದೆಯ ಪರಿಷ್ಕೃತ ಕರಡು 2024ರ ಜುಲೈನಲ್ಲಿ ಆಯ್ದ ಕೆಲವರ ಕೈಗೆ ಹೋಯಿತು; ಒಂಟಿಯಾಗಿ ವಿಡಿಯೊ ಮಾಡುವವರನ್ನೂ ಅದು ಹಿಡಿಯುತ್ತದೆ ಎಂಬ ಗಲಾಟೆ ಎದ್ದ ಮೇಲೆ ಸಚಿವಾಲಯ ಆಗಸ್ಟ್‌ನಲ್ಲಿ ಹಿಂದೆ ಸರಿದು, ಇನ್ನಷ್ಟು ಸಮಾಲೋಚನೆ ನಡೆಸಿ ಹೊಸ ಕರಡು ತರುವುದಾಗಿ ಹೇಳಿತು. ಅತ್ತ ಟ್ರಾಯ್, ದೂರಸಂಪರ್ಕ ಕಾಯ್ದೆಯಡಿ ಪ್ರಸಾರ ಸೇವೆಗಳಿಗೆ ಹೊಸ ಅನುಮತಿ ಪದ್ಧತಿ ಹೇಗಿರಬೇಕೆಂದು 2025ರ ಫೆಬ್ರವರಿಯಲ್ಲಿ ಶಿಫಾರಸು ಕೊಟ್ಟಿದೆ.

ಇಷ್ಟೆಲ್ಲ ತೂಗುಯ್ಯಾಲೆಯಲ್ಲಿರುವಾಗ "ಮುಂದೆ ಜಾರಿಗೆ ಬರುವ ಎಲ್ಲ ಪ್ರಸಾರ ಕಾನೂನು" ಎಂಬ ಸಾಲಿಗೆ ಸಹಿ ಹಾಕುವುದೆಂದರೆ ಮೊತ್ತ ಬರೆಯದ ಚೆಕ್ಕಿಗೆ ಸಹಿ ಹಾಕಿದಂತೆ. ಕರಾರು ನವೀಕರಣಕ್ಕೆ ಬಂದಾಗ ಕೇಳಬಹುದಾದ ತಿದ್ದುಪಡಿ ದೊಡ್ಡದೇನಲ್ಲ. ಸಹಿಯ ದಿನ ಜಾರಿಯಲ್ಲಿರುವ ಕಾಯ್ದೆಗಳನ್ನು ವರ್ಷ ಸಮೇತ ಹೆಸರಿಸಿ, ಅವುಗಳ ಜಾಗಕ್ಕೆ ಬರುವ ಕಾಯ್ದೆಗಳನ್ನು ಸೇರಿಸಿ, ಅಷ್ಟಕ್ಕೆ ನಿಲ್ಲಿಸಬೇಕು. ಹೊಸ ಬಾಧ್ಯತೆ ಬಂದು ಖರ್ಚು ಹೆಚ್ಚಿದರೆ ಇಬ್ಬರೂ ಕೂತು ಹಂಚಿಕೊಳ್ಳಬೇಕೆಂದು ಪ್ರತ್ಯೇಕ ಕಲಂ ಬರೆಸಬೇಕು. ನಷ್ಟ ಭರ್ತಿಯನ್ನು ತನ್ನ ಕೈಯಲ್ಲಿರುವ ತಪ್ಪಿಗೆ ಮಾತ್ರ ಕಟ್ಟಬೇಕು. ಮೇಲಿನಿಂದ ಬಂದ ಚಾನೆಲ್, ಏನು ತೋರಿಸಬಾರದೆಂದು ಹೇಳುವ ಕಾರ್ಯಕ್ರಮ ಸಂಹಿತೆಯನ್ನು ಮುರಿದರೆ ಇಂಡಿಯ ಆಪರೇಟರ್ ಅದಕ್ಕೆ ದುಡ್ಡು ತೆರುವ ಕಾರಣವಿಲ್ಲ. ಎಂಎಸ್‌ಒ ಒಪ್ಪದಿದ್ದರೆ, ಟ್ರಾಯ್‌ನ ಪ್ರಮಾಣಿತ ಕರಾರನ್ನೇ ಕೊಡಿ ಎಂದು ಆಪರೇಟರ್ ಬರಹದಲ್ಲಿ ಕೇಳಬಹುದು.